ಬಳಸಿದ ಮೆದು ಗೊಂಬೆಗಳ ಶುಚಿತ್ವ – ಪೋಷಕರಿಗೆ ಮಾಹಿತಿ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಮುಂತಾದ ದಕ್ಷಿಣ ಬೆಂಗಳೂರಿನ ಪ್ರದೇಶಗಳಲ್ಲಿ ಮಕ್ಕಳು ಬೆಳೆದಂತೆ ಅವರ ಮೆದು ಗೊಂಬೆಗಳನ್ನು ಬಂಧುಗಳಿಗೆ ಹಾಗೂ ನೆರೆಹೊರೆಯವರಿಗೆ ನೀಡುವುದು ವಾಡಿಕೆಯಲ್ಲಿದೆ. ಇದರಿಂದ ಹಣ ಉಳಿಯುವುದಲ್ಲದೆ ತ್ಯಾಜ್ಯವೂ ಕಡಿಮೆಯಾಗುತ್ತದೆ. ಆದರೆ ಇಂತಹ ಗೊಂಬೆಗಳು ಧೂಳು, ಜೊಲ್ಲು ಹಾಗೂ ಕಣ್ಣಿಗೆ ಕಾಣದ ಧೂಳುಹುಳುಗಳಿಗೆ ಆಶ್ರಯವಾಗಿರುವುದರಿಂದ ಅವುಗಳನ್ನು ಶುಚಿಗೊಳಿಸದೆ ಮಕ್ಕಳಿಗೆ ಕೊಡುವುದು ಸೂಕ್ತವಲ್ಲ.

ಡಾ. ಎಚ್. ಪರಮೇಶ್ ಅವರು ಬೆಂಗಳೂರಿನಲ್ಲಿ 18 ವರ್ಷದೊಳಗಿನ 20,000 ಮಕ್ಕಳನ್ನು ಕುರಿತು ನಡೆಸಿದ ಆಸ್ಪತ್ರೆ ಆಧಾರಿತ ಅಧ್ಯಯನದಲ್ಲಿ, 1979ರಲ್ಲಿ ಶೇ. 9ರಷ್ಟಿದ್ದ ಅಸ್ತಮಾ ಪ್ರಮಾಣವು 1999ರಲ್ಲಿ ಶೇ. 29.5ಕ್ಕೆ ಏರಿದ್ದು ಕಂಡುಬಂದಿತು. ಈ ಏರಿಕೆಗೆ ಗೊಂಬೆಗಳು ಕಾರಣವೆಂದು ಭಾವಿಸಬಾರದು. ಆದರೆ ಅಸ್ತಮಾ ಇರುವ ಮಗುವಿನಲ್ಲಿ ಧೂಳುಹುಳುಗಳು ಉಬ್ಬಸವನ್ನು ಕೆರಳಿಸಬಲ್ಲವು. ಮಗುವು ಗೊಂಬೆಯನ್ನು ಮುಖಕ್ಕೆ ಒತ್ತಿಕೊಂಡು ನಿದ್ರಿಸುವುದನ್ನು ಗಮನದಲ್ಲಿಡಬೇಕು.

ತೊಳೆಯುವ ಮುನ್ನ:
1. ಕಣ್ಣು, ಮೂಗು, ಗುಂಡಿಗಳನ್ನು ಎಳೆದು ನೋಡತಕ್ಕದ್ದು. ಸಡಿಲವಾದವುಗಳನ್ನು ತೆಗೆದುಹಾಕಿ, ಹರಿದ ಹೊಲಿಗೆಯನ್ನು ಸರಿಪಡಿಸಬೇಕು.
2. ಬ್ಯಾಟರಿಗಳನ್ನು ತೆಗೆದು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಗುಂಡಿಯಾಕಾರದ ಬ್ಯಾಟರಿಯನ್ನು ನುಂಗಿದಲ್ಲಿ 2 ಗಂಟೆಗಳೊಳಗೆ ಅನ್ನನಾಳಕ್ಕೆ ತೀವ್ರ ಸುಟ್ಟಗಾಯವಾಗಬಹುದು; ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.
3. ಗೊಂಬೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತೂಕವನ್ನು ಬರೆದಿಡಬೇಕು.

ತೊಳೆಯುವ ವಿಧಾನ:
1. ಚೀಟಿಯಲ್ಲಿ ಅನುಮತಿ ಇದ್ದಲ್ಲಿ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ತೊಳೆಯಬೇಕು. ಈ ಶಾಖದಲ್ಲಿ ಧೂಳುಹುಳುಗಳು ಸಾಯುತ್ತವೆ.
2. ಬಿಸಿನೀರು ತಾಳದ ಗೊಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ 24ರಿಂದ 48 ಗಂಟೆ ಇಡಬಹುದು. ಶೀತದಿಂದ ಹುಳುಗಳು ಸತ್ತರೂ ಅವುಗಳ ಮಲ ಹಾಗೂ ದೇಹದ ಕಣಗಳು ಉಳಿಯುತ್ತವೆ. ಆದ್ದರಿಂದ ಬಳಿಕ ತಣ್ಣೀರಿನಲ್ಲಿ ತೊಳೆಯುವುದು ಅವಶ್ಯಕ.
3. ಸಾಬೂನಿನ ಅಂಶ ಹೋಗುವವರೆಗೆ ಜಾಲಿಸಬೇಕು. ಬ್ಲೀಚಿಂಗ್ ದ್ರಾವಣವನ್ನು ಶೌಚಾಲಯದ ಆಮ್ಲದೊಂದಿಗೆ ಎಂದಿಗೂ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಒಣಗಿಸುವಿಕೆ:
ಅತಿ ಹೆಚ್ಚಿನ ಎಚ್ಚರಿಕೆ ಬೇಕಾಗುವುದು ಈ ಹಂತದಲ್ಲಿಯೇ. ಹೊರಬಟ್ಟೆ ಒಣಗಿದ್ದರೂ ಒಳಗಿನ ಹತ್ತಿ ತೇವವಾಗಿದ್ದಲ್ಲಿ ಬೂಷ್ಟು ಬೆಳೆಯುತ್ತದೆ. ಗೊಂಬೆಯನ್ನು ಹಿಂಡಿ, ಬಿಸಿಲಿನಲ್ಲಿ ಆಗಾಗ್ಗೆ ತಿರುಗಿಸುತ್ತಾ ಒಣಗಿಸಿ ಪುನಃ ತೂಗಬೇಕು. ಮೊದಲಿಗಿಂತ ತೂಕ ಹೆಚ್ಚಿದ್ದಲ್ಲಿ ಒಳಗೆ ನೀರು ಉಳಿದಿದೆಯೆಂದು ತಿಳಿಯಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ಬಿಸಿಲು ಬರುವವರೆಗೆ ಒಣ ಗೊಂಬೆಯನ್ನು ಚೀಲದಲ್ಲಿ ಕಟ್ಟಿಟ್ಟು, ನಂತರ ತೊಳೆಯುವುದು ಲೇಸು. ಬೂಷ್ಟು ಹಿಡಿದ ಗೊಂಬೆಯನ್ನು ಒಣ ತ್ಯಾಜ್ಯದಲ್ಲಿ ವಿಲೇವಾರಿ ಮಾಡಬೇಕು.

ವಿಶೇಷ ಸೂಚನೆ:
ದಿನಾಂಕ 1-1-2021ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿರುತ್ತದೆ. ಅದಕ್ಕೂ ಹಿಂದಿನ ಗೊಂಬೆಗಳಲ್ಲಿ ಈ ಗುರುತು ಇಲ್ಲದಿರಬಹುದಾದ್ದರಿಂದ ಪೋಷಕರೇ ಪರಿಶೀಲಿಸುವುದು ಅಗತ್ಯ. ಎಷ್ಟೇ ಶುಚಿಯಾಗಿದ್ದರೂ, ಉಸಿರುಕಟ್ಟುವ ಅಪಾಯವಿರುವುದರಿಂದ, ಒಂದು ವರ್ಷದೊಳಗಿನ ಶಿಶು ಮಲಗುವ ತೊಟ್ಟಿಲಿನಲ್ಲಿ ಮೆದು ಗೊಂಬೆಗಳನ್ನು ಇಡಬಾರದು.