ನಾಲ್ಕು ಬೆರಳು ಆಳ

ಬೆಳಗಿನ ಐದೂವರೆ. ವಾರ್ಡಿನ ಬಚ್ಚಲಲ್ಲಿ ಬಿಸಿನೀರಿನ ಹಬೆ ಕವಿದಿದೆ. ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಆಸ್ಪತ್ರೆಯಲ್ಲಿ ಕೊಟ್ಟ ಗುಲಾಬಿ ಬಣ್ಣದ ಔಷಧಿಯಿಂದ ಮಗಳು ಬೆನ್ನು ತೊಳೆಯುತ್ತಿದ್ದಾಳೆ.

"ಮಡಿಕೆ ಬಿಡಿಸಿ ತೊಳೀರಿ. ಸೊಂಟ, ಕಂಕುಳು, ಎದೆ ಕೆಳಗೆ, ಎಲ್ಲಾ ಕಡೆ. ಆಮೇಲೆ ಒಣಬಟ್ಟೆಯಲ್ಲಿ ಒತ್ತಿ ಒರೆಸಿ, ತೇವ ಉಳೀಬಾರದು" ಎಂದು ಬಾಗಿಲಾಚೆಯಿಂದ ಸಿಸ್ಟರ್ ಹೇಳುತ್ತಿದ್ದಾರೆ.

ಅಮ್ಮನಿಗೆ ಸಂಕೋಚ. "ನಿನ್ನ ಕೈಲಿ ಇದೆಲ್ಲ ಮಾಡಿಸ್ಕೊಳ್ಳೋ ಹಾಗಾಯ್ತಲ್ಲೇ" ಅನ್ನುತ್ತಾರೆ. "ನಂಗೆ ಎಷ್ಟು ಸಲ ಎಣ್ಣೆ ಹಚ್ಚಿ ನೀರು ಹಾಕಿಲ್ಲ ನೀನು? ಸುಮ್ನಿರಮ್ಮ" ಎಂದು ಮಗಳು ಮತ್ತೊಂದು ಮಡಿಕೆ ಬಿಡಿಸುತ್ತಾಳೆ.

ಅರಸೀಕೆರೆ ಕಡೆಯ ಹೆಂಗಸು. ಐವತ್ತನಾಲ್ಕರ ಪ್ರಾಯ. ಮೂವತ್ತು ವರ್ಷ ಹೊಲಿಗೆ ಮಿಷನ್ ಮುಂದೆ ಕೂತು ಊರಿನವರಿಗೆಲ್ಲ ರವಿಕೆ ಹೊಲಿದವರು. ಸೊಂಟದ ನಾಲ್ಕನೆಯ ಮೂಳೆ ಐದನೆಯದರ ಮೇಲೆ ಮುಂದಕ್ಕೆ ಜರುಗಿ, ನರಗಳು ಹಾಯುವ ದಾರಿ ಕಿರಿದಾಗಿದೆ. ಹತ್ತು ಹೆಜ್ಜೆ ಇಟ್ಟರೆ ಕಾಲು ಜೋಮು. ಎರಡು ವರ್ಷದಿಂದ ಸಂತೆಗೆ ಹೋಗುವಾಗ ಯಾರದಾದರೂ ಅಂಗಡಿ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡೇ ಮುಂದೆ ಹೋಗುತ್ತಿದ್ದರು. ನರದ ಮೇಲಿನ ಒತ್ತಡ ಬಿಡಿಸಿ, ಜರುಗಿದ ಮೂಳೆಯನ್ನು ಸ್ಕ್ರೂ, ರಾಡು ಹಾಕಿ ನಿಲ್ಲಿಸುವ ಆಪರೇಷನ್ ಇವತ್ತು.

ಇವತ್ತಿನ ಆಪರೇಷನ್ ನಿಜಕ್ಕೂ ಶುರುವಾದದ್ದು ಹತ್ತು ವಾರದ ಹಿಂದೆ. ಮೊದಲ ಭೇಟಿಯಲ್ಲಿ ಡಾಕ್ಟರು ದಿನಾಂಕ ಕೊಟ್ಟಿರಲಿಲ್ಲ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 9 ದಾಟಿತ್ತು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ರೋಗಾಣುವನ್ನು ಹಿಡಿದು ಕೊಲ್ಲುವ ಬಿಳಿ ರಕ್ತಕಣಗಳ ಚುರುಕು ತಗ್ಗುತ್ತದೆ. ಮೊದಲು ಸಕ್ಕರೆ ಇಳಿಸಬೇಕಿತ್ತು. ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪನ್ನೂ ಬಿಡಬೇಕಾಯಿತು. ಅದರ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಮೂಗಿನಲ್ಲಿ ಬತ್ತಿ ಆಡಿಸಿ ಪರೀಕ್ಷೆಗೆ ಕಳಿಸಿದಾಗ ಸ್ಟೆಫಿಲೋಕಾಕಸ್ ಆರಿಯಸ್ ಸಿಕ್ಕಿತು. ಎಷ್ಟೋ ಆರೋಗ್ಯವಂತರ ಮೂಗಿನಲ್ಲಿ ತಣ್ಣಗೆ ಕೂತಿರುವ ಈ ಬ್ಯಾಕ್ಟೀರಿಯಾ ಬೆನ್ನಿನ ಗಾಯಕ್ಕಿಳಿದರೆ ಕೀವು ಮಾಡುತ್ತದೆ. ಅದಕ್ಕೆ ಐದು ದಿನ, ದಿನಕ್ಕೆರಡು ಸಲ ಮೂಗಿಗೆ ಮ್ಯುಪಿರೋಸಿನ್ ಮುಲಾಮು.

ಏಳು ಗಂಟೆಗೆ ಗಾಲಿಕುರ್ಚಿ ಸಮೇತ ತೂಗುವ ಯಂತ್ರದ ಮೇಲೆ ಹತ್ತಿಸುತ್ತಾರೆ. ಕೇಸ್‌ಷೀಟಿನಲ್ಲಿ 112 ಕಿಲೋ ಎಂದಿದೆ, ಅವರೇ ಬಾಯಲ್ಲಿ ಹೇಳಿದ್ದು. ಕುರ್ಚಿಯ ತೂಕ ಕಳೆದರೆ ಸಿಗುವುದು 122. ಅವರು ತಲೆ ತಗ್ಗಿಸುತ್ತಾರೆ. "ನಾಚ್ಕೋಬೇಡಿ ಅಮ್ಮ, ಸರಿ ತೂಕ ಗೊತ್ತಾದ್ರೆ ಔಷಧಿ ಸರಿಯಾಗಿ ಬೀಳುತ್ತೆ" ಎಂದು ಸಿಸ್ಟರ್ ಹಳೆಯ ಅಂಕಿ ಹೊಡೆದು ಹೊಸದು ಬರೆಯುತ್ತಾರೆ. ಆ ಒಂದು ಗೀಟು ದೊಡ್ಡದು. ಸೋಂಕು ತಡೆಯಲು ಕೊಡುವ ಸೆಫಜೋಲಿನ್ ಸಾಮಾನ್ಯವಾಗಿ 2 ಗ್ರಾಂ. ತೂಕ 120 ಕಿಲೋ ಮುಟ್ಟಿದರೆ 3 ಗ್ರಾಂ. ಬಾಯಿಮಾತಿನ ತೂಕವನ್ನೇ ನಂಬಿದ್ದರೆ ಒಂದು ಗ್ರಾಂ ಕಮ್ಮಿಯಾಗುತ್ತಿತ್ತು.

ಥಿಯೇಟರಿನಲ್ಲಿ ಅರಿವಳಿಕೆ ಕೊಟ್ಟ ಮೇಲೆ ಆರು ಜನ ಒಟ್ಟಿಗೆ ಕೈಕೊಟ್ಟು ಅವರನ್ನು ಬೋರಲು ಮಲಗಿಸುತ್ತಾರೆ. ಎದೆ, ಸೊಂಟದ ಮೂಳೆ, ತೊಡೆಗಳಿಗಷ್ಟೇ ದಿಂಬಿನ ಆಸರೆ. ಹೊಟ್ಟೆ ಎಲ್ಲಿಗೂ ತಾಗದೆ ಕೆಳಗೆ ಇಳಿಬಿದ್ದಿದೆ. ಅರಿವಳಿಕೆ ವೈದ್ಯೆ ಬಗ್ಗಿ ಹೊಟ್ಟೆಯ ಕೆಳಗೆ ಕೈ ಆಡಿಸಿ ನೋಡುತ್ತಾರೆ. ಹೊಟ್ಟೆ ಒತ್ತಿಕೊಂಡರೆ ರಕ್ತ ಬೆನ್ನುಮೂಳೆಯ ಸುತ್ತಲಿನ ಸಿರೆಗಳಿಗೆ ನುಗ್ಗುತ್ತದೆ, ಒಳಗೆ ಸೋರಿಕೆ ಜಾಸ್ತಿಯಾಗುತ್ತದೆ, ಕೆಲಸ ತಡವಾಗುತ್ತದೆ. ಗಾಯ ತೆರೆದಿರುವ ಹೊತ್ತು ಹೆಚ್ಚಿದಷ್ಟೂ ಸೋಂಕಿನ ಅಪಾಯ ಹೆಚ್ಚು.

8 ಗಂಟೆ 5 ನಿಮಿಷ. ಸೆಫಜೋಲಿನ್ ಸಿರೆಗೆ ಹೋಯಿತು. ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಇದು ಮೈ ಸೇರಿರಬೇಕು. ಬೆನ್ನಿನ ರೋಮವನ್ನು ಕ್ಲಿಪ್ಪರಿನಿಂದ ಕತ್ತರಿಸಿದ್ದಾರೆ, ಬ್ಲೇಡು ಮುಟ್ಟಿಸಿಲ್ಲ. ಕಣ್ಣಿಗೆ ಕಾಣದ ಬ್ಲೇಡಿನ ಗೀರುಗಳೂ ಬ್ಯಾಕ್ಟೀರಿಯಾಕ್ಕೆ ಮನೆಯಾಗುತ್ತವೆ. ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಬಳಿದು ಎಲ್ಲರೂ ಕೈಕಟ್ಟಿ ನಿಂತಿದ್ದಾರೆ. ಒಣಗಲು ಮೂರು ನಿಮಿಷ ಬೇಕು. ಗೋಡೆ ಗಡಿಯಾರದ ಮುಳ್ಳು ಸುತ್ತುತ್ತಿದೆ, ಯಾರೂ ಅವಸರ ಮಾಡುತ್ತಿಲ್ಲ. ಆಮೇಲೆ ಸಿಸ್ಟರ್ ಗಟ್ಟಿಯಾಗಿ ಓದುತ್ತಾರೆ: ರೋಗಿಯ ಹೆಸರು, ಯಾವ ಆಪರೇಷನ್, ಯಾವ ಜಾಗ, ಆಂಟಿಬಯೋಟಿಕ್ ಎಷ್ಟು ಹೊತ್ತಿಗೆ ಕೊಟ್ಟಿರಿ? ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಆಪರೇಷನ್ ಸುರಕ್ಷತೆಯ ಪಟ್ಟಿ ಇದು. ಪ್ರತಿ ಪ್ರಶ್ನೆಗೂ ಒಬ್ಬರು ಬಾಯಿಬಿಟ್ಟು ಉತ್ತರ ಕೊಡಲೇಬೇಕು.

ಚರ್ಮ ಬಿಚ್ಚಿಕೊಂಡಿತು. ಕಂಡದ್ದು ಹಳದಿ. ಮಾಗಿದ ಮುಸುಕಿನ ಜೋಳದ ಕಾಳಿನ ಬಣ್ಣದ ಕೊಬ್ಬು, ಹಿಡಿಹಿಡಿ ಗೊಂಚಲಾಗಿ, ದೀಪದ ಬೆಳಕಿಗೆ ಹೊಳೆಯುತ್ತಿದೆ. ಸರ್ಜನ್ ಬೆರಳು ಇಳಿಬಿಟ್ಟು ಅಳೆಯುತ್ತಾರೆ. ನಾಲ್ಕು ಬೆರಳಗಲದಷ್ಟು ಆಳ ದಾಟಿದ ಮೇಲೆ ಸ್ನಾಯು, ಅದರಾಚೆ ಮೂಳೆ.

ಇಡೀ ಕಥೆ ಇರುವುದು ಈ ನಾಲ್ಕು ಬೆರಳಿನಲ್ಲಿ. ಎತ್ತರ, ತೂಕ ಹಿಡಿದು ಹಾಕುವ ಬಿಎಂಐ ಇಡೀ ಮೈಯ ಲೆಕ್ಕ. ಗಾಯಕ್ಕೆ ಮುಖ್ಯವಾದದ್ದು ಚಾಕು ಹಾಯುವ ಜಾಗದಲ್ಲೇ ಕೊಬ್ಬು ಎಷ್ಟು ದಪ್ಪ ಎನ್ನುವುದು. ಎಂಆರ್‌ಐ ಚಿತ್ರದಲ್ಲಿ ಅದನ್ನು ಮೊದಲೇ ಅಳೆಯಬಹುದು. ಕೊಬ್ಬಿನಲ್ಲಿ ರಕ್ತನಾಳ ವಿರಳ. ಹಾಗಾಗಿ ಆಮ್ಲಜನಕ ಕಮ್ಮಿ, ಔಷಧಿ ತಲುಪುವುದೂ ಕಮ್ಮಿ. ಜಜ್ಜಿದರೆ ಬೇಗ ಸಾಯುತ್ತದೆ. ಹೊಲಿದ ಮೇಲೆ ಪದರಗಳ ನಡುವೆ ಪೊಳ್ಳು ಉಳಿದರೆ ಅಲ್ಲಿ ರಕ್ತ, ನೀರು ನಿಲ್ಲುತ್ತದೆ. ನಿಂತ ನೀರಿನಲ್ಲಿ ರೋಗಾಣು ಹುಟ್ಟಿಕೊಳ್ಳುವುದು ಹೊಂಡದಲ್ಲಾದರೂ ಅಷ್ಟೆ, ಮೈಯೊಳಗಾದರೂ ಅಷ್ಟೆ. ಮೇಲಾಗಿ ಒಳಗೆ ಲೋಹವಿದೆ. ಸ್ಕ್ರೂ ಮೇಲೆ ಬ್ಯಾಕ್ಟೀರಿಯಾ ಲೋಳೆಯ ಪೊರೆ ಕಟ್ಟಿಕೊಂಡರೆ ಅದನ್ನು ಭೇದಿಸುವುದು ಔಷಧಿಗೂ ಕಷ್ಟ.

"ಒಂದು ಗಂಟೆ ಆಯ್ತು ಸರ್." ಗಾಯವನ್ನು ಅಗಲಿಸಿ ಹಿಡಿದಿದ್ದ ರಿಟ್ರ್ಯಾಕ್ಟರನ್ನು ಸರ್ಜನ್ ಸಡಿಲಿಸುತ್ತಾರೆ. ಒತ್ತಡಕ್ಕೆ ಬಿಳಿಚಿಕೊಂಡಿದ್ದ ಸ್ನಾಯುವಿನ ಅಂಚು ನೋಡನೋಡುತ್ತಲೇ ಕೆಂಪೇರುತ್ತದೆ. ಉಪ್ಪುನೀರಿನಿಂದ ಒಳಗೆಲ್ಲ ತೊಳೆದು, ಎರಡು ನಿಮಿಷ ಬಿಟ್ಟು, ಮತ್ತೆ ಬಿಗಿಯುತ್ತಾರೆ. ಸ್ಕ್ರೂ ಮುಟ್ಟುವ ಮುಂಚೆ ಎಲ್ಲರೂ ಹೊಸ ಗ್ಲೌಸ್ ಹಾಕಿಕೊಳ್ಳುತ್ತಾರೆ. ಬಿಸಿಗಾಳಿಯ ಹೊದಿಕೆ ಮೈಯ ಉಷ್ಣತೆಯನ್ನು 36 ಡಿಗ್ರಿಗಿಂತ ಕೆಳಗಿಳಿಯದಂತೆ ಕಾಯುತ್ತಿದೆ. ಮೈ ತಣ್ಣಗಾದರೆ ಚರ್ಮದ ರಕ್ತನಾಳ ಮುದುಡಿ ಗಾಯಕ್ಕೆ ರಕ್ತ ಬತ್ತುತ್ತದೆ. ಹನ್ನೆರಡು ಗಂಟೆ ದಾಟಿ ಐದು ನಿಮಿಷಕ್ಕೆ, ಮೊದಲ ಡೋಸು ಕೊಟ್ಟು ನಾಲ್ಕು ತಾಸಾಯಿತೆಂದು ಸೆಫಜೋಲಿನ್ ಎರಡನೆಯ ಸಲ ಹೋಗುತ್ತದೆ. ಗಾಯದೊಳಗೆ ವ್ಯಾಂಕೊಮೈಸಿನ್ ಪುಡಿ ಉದುರಿಸುವ ಪದ್ಧತಿಯೂ ಹಲವು ಕಡೆ ಇದೆ, ಅದಕ್ಕೆ ಎಲ್ಲ ಸರ್ಜನ್‌ಗಳ ಒಪ್ಪಿಗೆಯಿಲ್ಲ.

ಹೊಲಿಗೆಗೇ ಮುಕ್ಕಾಲು ಗಂಟೆ ಹಿಡಿಯಿತು. ಸ್ನಾಯು, ಅದರ ಮೇಲಿನ ಗಟ್ಟಿ ಪೊರೆ, ಕೊಬ್ಬು, ಕೊನೆಗೆ ಚರ್ಮ. ಅಸ್ತರು, ಮೇಲ್ಬಟ್ಟೆ ಎರಡೂ ಒಂದಕ್ಕೊಂದು ಕೂರುವಂತೆ ಹೊಲಿಯುವುದು ಏನೆಂದು ಆ ಮಲಗಿರುವ ತಾಯಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಒಳಗಿನ ರಕ್ತ ಹೊರಗೆ ಹರಿಯಲೆಂದು ಒಂದು ನಳಿಗೆ ಇಟ್ಟು ಮುಗಿಸಿದರು.

ಇಷ್ಟೆಲ್ಲ ಮಾಡಿಯೂ ಸೋಂಕು ತಗಲುವುದುಂಟು. ತಗಲಿದಾಗ ಬಹಳ ಸಲ ದೂರು ಬೀಳುವುದು ರೋಗಿಯ ಮೈ ಮೇಲೆ: "ಇಷ್ಟು ದಪ್ಪ ಇದ್ದರೆ ಇನ್ನೇನಾಗುತ್ತೆ?" ಈ ಮಾತು ಯಾವ ಗಾಯವನ್ನೂ ಮಾಯಿಸಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 24 ಮಂದಿ ಅಧಿಕ ತೂಕದವರು ಅಥವಾ ಬೊಜ್ಜಿನವರು. ಹತ್ತು ಹೆಜ್ಜೆಗೆ ಕೂರಬೇಕಾದವರಿಗೆ ನಡೆದು ತೂಕ ಇಳಿಸಿಕೊಂಡು ಬಾ ಎನ್ನುವುದು ಎಂಥ ಬುದ್ಧಿಮಾತು? ಬೈದರೆ ಅವರು ತೂಕ ಮುಚ್ಚಿಡುತ್ತಾರೆ, ಮಡಿಕೆ ತೋರಿಸಲು ನಾಚುತ್ತಾರೆ, ಗಾಯ ಒಸರಿದರೂ ಹೇಳುವುದಿಲ್ಲ. ಮರ್ಯಾದೆ ಕೊಟ್ಟು ಮಾತಾಡುವುದೂ ಸೋಂಕು ತಡೆಯುವ ಕ್ರಮವೇ.

ಎರಡನೆಯ ದಿನ ಊರಿನಿಂದ ಅತ್ತಿಗೆ ಬಂದರು. ಟಿಫನ್ ಬಾಕ್ಸಿನಲ್ಲಿ ಬರೀ ಗಂಜಿ, ಮೆಣಸಿನ ಸಾರು. "ಬೇಳೆ, ಮೊಟ್ಟೆ ಕೊಡ್ಬೇಡ್ರಮ್ಮ, ನಂಜಾಗಿ ಕೀವಾಗ್ತದೆ." ಪ್ರೀತಿಯಿಂದಲೇ ಬಂದ ಮಾತು. ಡಯಟಿಷಿಯನ್ ಪಕ್ಕದಲ್ಲಿ ಕೂತು, "ಅಕ್ಕ, ಹೊಸ ಮಾಂಸ ಬೆಳೆಯೋಕೆ ಬೇಕಾಗಿರೋದೇ ಅದು" ಎಂದು ಬಿಡಿಸಿ ಹೇಳಿದರು. ಮೈ ತುಂಬ ದಪ್ಪವಿದ್ದವರಲ್ಲೂ ಪ್ರೋಟೀನ್ ಕೊರತೆ ಇರಬಹುದು. ಕೊಬ್ಬಿನ ದಾಸ್ತಾನು ಗಾಯವನ್ನು ಕೂಡಿಸುವುದಿಲ್ಲ. ಮಧ್ಯಾಹ್ನ ಅತ್ತಿಗೆಯೇ ಕ್ಯಾಂಟೀನಿನಿಂದ ಎರಡು ಬೇಯಿಸಿದ ಮೊಟ್ಟೆ ತಂದು ಸುಲಿದುಕೊಟ್ಟರು. ಸಂಜೆ ಇಬ್ಬರು ಹಿಡಿದುಕೊಂಡು ನಡೆಸಿದರು. ಬೆನ್ನು ಹಾಸಿಗೆಗೆ ಅಂಟಿಕೊಂಡೇ ಇದ್ದರೆ ಬೆವರು ಕಟ್ಟುತ್ತದೆ. ಬೆಡ್‌ಪ್ಯಾನ್ ಇಟ್ಟಾಗ ಗಲೀಜು ಡ್ರೆಸ್ಸಿಂಗಿಗೆ ಹತ್ತದಂತೆ ಆಯಾ ಕೆಳಗಿನ ಅಂಚಿಗೆ ಇನ್ನೊಂದು ಪಟ್ಟಿ ಅಂಟಿಸಿದ್ದರು.

ಡಿಸ್ಚಾರ್ಜ್ ದಿನ ಸಿಸ್ಟರ್ ಮಗಳನ್ನು ಕೂರಿಸಿಕೊಂಡು ಹೇಳಿದರು: ಒಣಗಿದ ಗಾಯ ಮತ್ತೆ ಒಸರಿದರೆ, ಕಮ್ಮಿಯಾಗುತ್ತಿದ್ದ ನೋವು ಹೆಚ್ಚಾದರೆ, ಕೆಂಪಗಾದರೆ, ಜ್ವರ ಬಂದರೆ ಅವತ್ತೇ ಬನ್ನಿ, ಮೆಡಿಕಲ್ ಷಾಪಿನ ಮಾತ್ರೆ ನುಂಗಿ ದಿನ ತಳ್ಳಬೇಡಿ. ಒಳಗೆ ಲೋಹ ಕೂರಿಸಿದ ಆಪರೇಷನ್ನಿಗೆ 90 ದಿನ ನಿಗಾ ಇರಬೇಕು.

ಅರಸೀಕೆರೆಯ ಮನೆಯಲ್ಲಿ ಈಗ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ಗೋಡೆ ಹಿಡಿದು ನಿಲ್ಲುತ್ತಾರೆ. ಮಗಳು ಸೋಪಿನಲ್ಲಿ ಕೈ ತೊಳೆದು, ಮಡಿಕೆ ಬಿಡಿಸಿ, ಮೊಬೈಲ್ ಟಾರ್ಚ್ ಹಿಡಿಯುತ್ತಾಳೆ. ಒಗೆದು ಇಸ್ತ್ರಿ ಮಾಡಿದ ಬಿಳಿ ಬಟ್ಟೆಯನ್ನು ಗಾಯದ ಪಕ್ಕದ ಚರ್ಮಕ್ಕೆ ಮೆತ್ತಗೆ ಒತ್ತಿ, ತೆಗೆದು, ಅಮ್ಮನ ಕಣ್ಣ ಮುಂದೆ ಹಿಡಿಯುತ್ತಾಳೆ. ಹೊಲಿಗೆಯವರ ಕಣ್ಣು, ನೂಲೆಳೆಯಷ್ಟು ಕಲೆಯಿದ್ದರೂ ಹಿಡಿಯುತ್ತದೆ.

ಬಟ್ಟೆ ಒಣಗೇ ಇದೆ.