ಎರಡು ಮೋಡೆಮುಗಳ ಜಗಳ

ಹಿಂದಿನ ಕಾಲದಲ್ಲಿ ಬಳ್ಳಾರಿಯಿಂದ ಮೀಟರ್ ಗೇಜ್ ಹಳಿಯ ಮೇಲೆ ಹೊರಟ ಸರಕು ಮದರಾಸಿಗೆ ಹೋಗಬೇಕಾದರೆ, ಗುಂತಕಲ್ಲಿನಲ್ಲಿ ಬ್ರಾಡ್ ಗೇಜಿನ ವ್ಯಾಗನ್ನಿಗೆ ಏರಬೇಕಾಗಿತ್ತು. ಎರಡು ಹಳಿಗಳೂ ಗಟ್ಟಿಯೇ. ಆದರೆ ಒಂದರ ಅಳತೆ ಇನ್ನೊಂದಕ್ಕೆ ಒಗ್ಗದು. 1997ರಲ್ಲಿ ಇಂಟರ್ನೆಟ್ ಜಗತ್ತಿಗೂ ಇಂಥದೇ ಪೇಚು ಒದಗಿತು.

ಆಗ ಮನೆಯ ಗಣಕಯಂತ್ರವು ದೂರವಾಣಿಯ ತಂತಿಯ ಮೂಲಕ ಇಂಟರ್ನೆಟ್ಟನ್ನು ಸೇರುತ್ತಿತ್ತು. ಗಣಕದ ಅಂಕಿಗಳನ್ನು ತಂತಿಯಲ್ಲಿ ಹರಿಯುವ ಸಂಕೇತಗಳನ್ನಾಗಿ ಮಾಡಿ, ಬಂದ ಸಂಕೇತಗಳನ್ನು ಮತ್ತೆ ಅಂಕಿಗಳಾಗಿಸುವ ಉಪಕರಣವೇ ಮೋಡೆಮ್. ಅದರ ವೇಗವು ಸೆಕೆಂಡಿಗೆ 33,600 ಬಿಟ್‌ಗಳಿಗೆ ಬಂದು ನಿಂತಿತ್ತು. ಇದಕ್ಕೆ ಕಾರಣವೇನು?

ಅಂಕೀಯ ದೂರವಾಣಿ ವ್ಯವಸ್ಥೆಯು ತಂತಿಯಲ್ಲಿ ಬಂದ ಸಂಕೇತವನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆಯುತ್ತದೆ. 8 ಬಿಟ್‌ಗಳಿಂದ ದೊರೆಯುವುದು 256 ಮೆಟ್ಟಿಲುಗಳು ಮಾತ್ರ. ನಡುವಣ ಬೆಲೆಗಳೆಲ್ಲವೂ ಸಮೀಪದ ಮೆಟ್ಟಿಲಿಗೆ ಸರಿಯಬೇಕು. ಈ ಸಣ್ಣ ತಪ್ಪುಗಳೇ ಗದ್ದಲವಾಗಿ ಪರಿಣಮಿಸಿ ವೇಗಕ್ಕೆ ಕಟ್ಟು ಹಾಕುತ್ತವೆ. ಆದರೆ ಇಂಟರ್ನೆಟ್ ಸಂಸ್ಥೆಯನ್ನು ಅಂಕೀಯ ಸಂಪರ್ಕದಿಂದಲೇ ಜೋಡಿಸಿದರೆ, ಅಲ್ಲಿಂದ ಮನೆಗೆ ಬರುವ ದಾರಿಯಲ್ಲಿ ಹೀಗೆ ಅಳೆಯುವ ಕೆಲಸವೇ ಇರುವುದಿಲ್ಲ. ಆಗ 8 ಬಿಟ್‌ಗಳಲ್ಲಿ 7ನ್ನು ನೆಚ್ಚಬಹುದು; 8,000ವನ್ನು 7ರಿಂದ ಗುಣಿಸಿದರೆ 56,000.

ಈ ಒಂದೇ ತತ್ತ್ವದಿಂದ ಎರಡು ಪದ್ಧತಿಗಳು ಹುಟ್ಟಿದುವು. ಯು. ಎಸ್. ರೊಬಾಟಿಕ್ಸ್ ಸಂಸ್ಥೆಯದು 'ಎಕ್ಸ್2'; ರಾಕ್‌ವೆಲ್ ಮತ್ತು ಲೂಸೆಂಟ್ ಸಂಸ್ಥೆಗಳದು 'ಕೆ56ಫ್ಲೆಕ್ಸ್'. ಒಂದು ತುದಿಯಲ್ಲಿ ಒಂದು, ಇನ್ನೊಂದು ತುದಿಯಲ್ಲಿ ಮತ್ತೊಂದು ಇದ್ದರೆ, ಎರಡೂ ಹಳೆಯ ವೇಗಕ್ಕೇ ಇಳಿಯುತ್ತಿದ್ದುವು. ಸೇವಾ ಸಂಸ್ಥೆಗಳ ಸಂಕಟವನ್ನು ಊಹಿಸಬಹುದು. ಒಂದನ್ನು ಕೊಂಡು ಅದು ಸೋತರೆ ಬಂಡವಾಳ ನಷ್ಟ. ಎರಡನ್ನೂ ಕೊಂಡರೆ ಖರ್ಚು ಇಮ್ಮಡಿ. ಕಾದು ಕುಳಿತರೆ ಗಿರಾಕಿಗಳು ನೆರೆಯವನ ಪಾಲು.

ಕೊನೆಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1998ರ ಫೆಬ್ರುವರಿಯಲ್ಲಿ 'ವಿ.90' ಎಂಬ ಸಮಾನ ಪದ್ಧತಿಯನ್ನು ಗೊತ್ತುಮಾಡಿತು; ಸೆಪ್ಟೆಂಬರಿನಲ್ಲಿ ಅದು ಅಂಗೀಕೃತವಾಯಿತು. ಒಳಗಿನ ತಂತ್ರಾಂಶವನ್ನು ಬದಲಿಸಬಹುದಾಗಿದ್ದ ಹಲವು ಮೋಡೆಮುಗಳು ಹೊಸ ಪದ್ಧತಿಗೆ ಹೊಂದಿಕೊಂಡುವು. ಹಾಗೆ ಕೊಂಡವರ ಹಣ ಉಳಿಯಿತು.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತುದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದಿಂದ. ಖಾಸಗಿ ಸಂಸ್ಥೆಗಳಿಗೆ ಬಾಗಿಲು ತೆರೆದುದು 1998ರ ನವೆಂಬರಿನಲ್ಲಿ. ಅಷ್ಟರಲ್ಲಿ ಜಗಳ ತೀರಿತ್ತು! ತಡವಾಗಿ ಬಂದುದರಿಂದ ಇಲ್ಲಿನ ಹೊಸ ಸಂಸ್ಥೆಗಳು ಆ ಜೂಜಿನಿಂದ ಪಾರಾದುವು.

ಆದರೆ ಪದ್ಧತಿ ಒಂದಾದ ಮಾತ್ರಕ್ಕೆ ವೇಗ ಬಾರದು. ಸಿರುಗುಪ್ಪ ಅಥವಾ ಕುರುಗೋಡಿನ ವಿದ್ಯಾರ್ಥಿಯೊಬ್ಬನು ಬಳ್ಳಾರಿಯ ಸಂಸ್ಥೆಯೊಂದಕ್ಕೆ ಕರೆ ಮಾಡಿದನೆಂದು ಭಾವಿಸೋಣ. ಎರಡು ಕಡೆಯೂ 'ವಿ.90' ಇದ್ದರೂ, ನಡುವಣ ಹಾದಿಯಲ್ಲಿ ಅಂಕೀಯವಲ್ಲದ ಒಂದೇ ಒಂದು ಕೊಂಡಿಯಿದ್ದರೆ ಸಾಕು: ಸಂಕೇತವನ್ನು ಮತ್ತೆ ಅಳೆಯಬೇಕಾಗುತ್ತದೆ, ಗದ್ದಲ ಮರಳುತ್ತದೆ, 56,000ದ ಆಸೆ ಮುರಿಯುತ್ತದೆ. ನಗರದವನಷ್ಟೇ ಬೆಲೆ ತೆತ್ತು ಅರ್ಧ ವೇಗವನ್ನು ಪಡೆಯುವ ಪಾಡು ಅವನದು.

ಆ ಮೋಡೆಮುಗಳು ಇಂದು ಮೂಲೆ ಸೇರಿವೆ. ಆದರೂ ಹೊಸ ಉಪಕರಣವೊಂದು ಬಂದಾಗ ಅದರ ವೇಗವನ್ನು ಕೇಳುವ ಮೊದಲು, ಅದು ಯಾವುದರೊಡನೆ ಹೊಂದಿಕೊಳ್ಳುವುದು, ನಡುವಣ ದಾರಿ ಹೇಗಿದೆ ಎಂಬ ಎರಡು ಪ್ರಶ್ನೆಗಳನ್ನು ನಾವು ಕೇಳಲೇಬೇಕು.