ಹಸಿರೆಲ್ಲ ಕಾಡಲ್ಲ

ಕೊಡಗಿನ ಕಾಫಿ ತೋಟವನ್ನು ಮೇಲಿನಿಂದ ನೋಡಿದರೆ ಕಾಫಿ ಗಿಡ ಕಾಣುವುದೇ ಇಲ್ಲ. ಕಾಣುವುದು ನಂದಿ, ಮತ್ತಿ, ಹಲಸು, ಅತ್ತಿ, ಬೀಟೆ ಮರಗಳ ನೆತ್ತಿ. ಆಳೆತ್ತರದ ಕಾಫಿ ಆ ನೆರಳಿನಡಿ ಅಡಗಿರುತ್ತದೆ. ಪಕ್ಕದ ದೇವರಕಾಡಿನದೂ ಹೆಚ್ಚುಕಡಿಮೆ ಅದೇ ಹಸಿರು. ನಡುವಿನ ಬೇಲಿ ಉಪಗ್ರಹಕ್ಕೆ ಕಾಣದು.

ಈ ಗೊಂದಲ ದೇಶದ ಲೆಕ್ಕದಲ್ಲೂ ಇದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವರದಿಯಲ್ಲಿ, ಕನಿಷ್ಠ ಒಂದು ಹೆಕ್ಟೇರ್ ಜಾಗದಲ್ಲಿ ಮರಗಳ ನೆತ್ತಿ ಶೇ 10ರಷ್ಟು ನೆಲ ಮುಚ್ಚಿದ್ದರೆ ಅದು ‘ಅರಣ್ಯ ಹೊದಿಕೆ’. ಜಮೀನು ಯಾರದು, ಮರ ಯಾವುದು ಎಂದು ಕೇಳುವುದಿಲ್ಲ. 2021ರ ವರದಿ ಹೇಳಿದ 7,13,789 ಚದರ ಕಿ.ಮೀ.ಯಲ್ಲಿ ತೆಂಗು, ರಬ್ಬರ್, ಅಕೇಶಿಯಾ ಎಲ್ಲವೂ ಸೇರಿವೆ. ದಾಖಲಿತ ಅರಣ್ಯದ ಒಳಗೆಷ್ಟು, ಹೊರಗೆಷ್ಟು ಎಂಬ ವಿಂಗಡಣೆ ಇದೆ, ನಿಜ. ಆದರೆ ಅದು ಕಾಗದದ ಗಡಿ. ಅರಣ್ಯ ಇಲಾಖೆಯೇ ಬೆಳೆಸಿದ ಅಕೇಶಿಯಾ ಒಳಗಿನ ಲೆಕ್ಕಕ್ಕೆ, ಖಾಸಗಿ ಜಮೀನಿನಲ್ಲಿ ಉಳಿದ ಹಳೆಯ ಕಾಡು ಹೊರಗಿನ ಲೆಕ್ಕಕ್ಕೆ. ಶೋಲಾ ಕಾಡು ಹೋಗಿ ತೋಪು ಬಂದರೂ ಅಂಕಿ ಅಲುಗುವುದಿಲ್ಲ. ನನ್ನ ಆತಂಕ ಇದೇ.

ಅಡಿಕೆ ತೋಟವನ್ನೇ ನೋಡಿ. ಒಂಬತ್ತು ಅಡಿಗೊಂದು ಮರ. ಸರ್ವೇಕ್ಷಣಾ ಸಂಸ್ಥೆ ಬಹುಕಾಲ ಬಳಸಿದ ಲಿಸ್-3 ಉಪಗ್ರಹ ಕ್ಯಾಮೆರಾದ ಚಿತ್ರದಲ್ಲಿ ಒಂದು ಚುಕ್ಕೆ 23.5 ಮೀಟರ್ ಅಗಲ. ಅದರೊಳಗೆ ಎಪ್ಪತ್ತಕ್ಕೂ ಹೆಚ್ಚು ಅಡಿಕೆ ಮರ ಹಿಡಿಸುತ್ತವೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚುಕ್ಕೆಯಲ್ಲೂ ಹನ್ನೆರಡು, ಹದಿಮೂರು. ಸಾಲು ಕಾಣದು, ಎಲ್ಲ ಕಲಸಿದ ಒಂದೇ ಬಣ್ಣ.

ಹಾಗೆಂದು ಉಪಗ್ರಹ ಕೈಚೆಲ್ಲಬೇಕಿಲ್ಲ. ಒಂದು ಚಿತ್ರ ಹೇಳದ್ದನ್ನು ವರ್ಷವಿಡೀ ತೆಗೆದ ಚಿತ್ರಗಳು ಹೇಳುತ್ತವೆ. ಸುಳ್ಯ, ಪುತ್ತೂರಿನ ರಬ್ಬರ್ ಚಳಿಗಾಲದ ಕೊನೆಗೆ ಒಟ್ಟಿಗೇ ಎಲೆ ಉದುರಿಸಿ ಕೆಲವೇ ವಾರಗಳಲ್ಲಿ ಮತ್ತೆ ಚಿಗುರುತ್ತದೆ. ನಿತ್ಯಹರಿದ್ವರ್ಣ ಕಾಡು ಹಾಗೆ ಮಾಡುವುದಿಲ್ಲ. ಕಾಫಿ ತೋಟಕ್ಕೂ ತನ್ನದೇ ಗುರುತಿದೆ. ಕೊಯ್ಲು ಮುಗಿದು ಮಳೆ ಹಿಡಿಯುವ ಮುನ್ನ ಮರಗಸಿ ಮಾಡುತ್ತಾರೆ. ಕೊಂಬೆ ಕಡಿದಾಗ ಹಸಿರು ತೆಳುವಾಗಿ, ಮಳೆಗಾಲದ ನಂತರ ಮತ್ತೆ ದಟ್ಟವಾಗುತ್ತದೆ. ಈ ಏರಿಳಿತ ಮತ್ತೆ ಮತ್ತೆ ಕಂಡರೆ ಅಲ್ಲಿ ಮನುಷ್ಯನ ಕತ್ತಿ ಓಡಾಡಿದೆ ಎಂದರ್ಥ. ಅದೇ ಮರಗಸಿಯ ಒಂದೇ ಚಿತ್ರ ನೋಡಿದವರು ಕಾಡು ಕಡಿದರೆಂದು ಬರೆದುಬಿಡಬಹುದು.

ಮುಂಗಾರಿನ ತಿಂಗಳುಗಳಲ್ಲಿ ಮಲೆನಾಡು ಮೋಡದಡಿ ಇರುತ್ತದೆ, ಬರೀ ಕ್ಯಾಮೆರಾ ಸಾಲದು. ರೇಡಾರ್‌ಗೆ ಮೋಡದ ಅಡ್ಡಿಯಿಲ್ಲ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೊ–ನಾಸಾ ಜಂಟಿ ಉಪಗ್ರಹ ನಿಸಾರ್‌ನ ಉದ್ದ ಅಲೆಗಳು ಎಲೆಗಳನ್ನು ದಾಟಿ ಕೊಂಬೆ, ಕಾಂಡಗಳವರೆಗೆ ಇಳಿಯುತ್ತವೆ. ಒಂದೇ ಎತ್ತರದ ಸಿಲ್ವರ್ ಓಕ್ ತೋಪಿಗೂ ಹಲವು ಅಂತಸ್ತಿನ ಕಾಡಿಗೂ ವ್ಯತ್ಯಾಸ ಹೇಳಲು ಇಂಥ ಕಣ್ಣು ಬೇಕು.

ಈ ವ್ಯತ್ಯಾಸ ಈಗ ಬೆಳೆಗಾರರ ಮಾರುಕಟ್ಟೆಯ ಪ್ರಶ್ನೆಯೂ ಹೌದು. ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಕಾನೂನಿನಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿ, ರಬ್ಬರ್ ಅಲ್ಲಿ ಮಾರುವಂತಿಲ್ಲ. ಜಾರಿ ಮುಂದಕ್ಕೆ ಹೋಗುತ್ತಿದ್ದರೂ ಕಾನೂನು ಉಳಿದಿದೆ. ನೆರಳಿನಡಿಯ ಬೆಳೆಯನ್ನು ಅದು ಕಾಡೆಂದು ಎಣಿಸುವುದಿಲ್ಲ. ಆದರೆ ಯಾವುದಾದರೂ ನಕ್ಷೆ 2020ರ ತೋಟಕ್ಕೆ ತಪ್ಪಾಗಿ ಕಾಡಿನ ಬಣ್ಣ ಹಚ್ಚಿದ್ದರೆ, ಅಜ್ಜನ ಕಾಲದ ತೋಟವೂ ಹೊಸದಾಗಿ ಕಾಡು ಕಡಿದು ಮಾಡಿದಂತೆ ತೋರುತ್ತದೆ.

ಅರಣ್ಯ ವರದಿಯಲ್ಲಿ ತೋಟ, ನೆಡುತೋಪು, ನೈಸರ್ಗಿಕ ಕಾಡು ಎಂದು ಪ್ರತ್ಯೇಕ ಕಾಲಂ ಬೇಕು. ನಕ್ಷೆಯನ್ನು ನೆಲದ ಮೇಲೆ ನಡೆದು ತಾಳೆ ನೋಡುವ ಜನವೂ ಬೇಕು. ಅಲ್ಲಿಯವರೆಗೆ ಬೆಳೆಗಾರರು ಒಂದು ಕೆಲಸ ಮಾಡಬಹುದು: 2020ರ ಪಹಣಿಯ ಬೆಳೆ ಕಾಲಂನಲ್ಲಿ ಕಾಫಿ ನಮೂದಾಗಿದೆಯೇ ನೋಡಿ, ಪ್ರತಿ ತೆಗೆದಿಟ್ಟುಕೊಳ್ಳಿ.